ಅಭಯದಾನವೂ ಅಂಜಿದ ನಾಯಿಯೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನ ಧರ್ಮವು ನಾಲ್ಕು ಬಗೆಯ ದಾನಗಳನ್ನು ಹೇಳಿದೆ. ಶಾಸನಗಳಲ್ಲಿ ಕೊಪಣವೆಂದು ಹೆಸರಾಂತು ಮಹಾತೀರ್ಥವೆನಿಸಿದ್ದ ಕೊಪ್ಪಳದ ಸೀಮೆಗೆ ಈ ಮಾತು ಹೊಸದಲ್ಲ. ಹಸಿದವನು ಉಂಡೊಡನೆ ಅನ್ನದಾನವು ಪೂರ್ಣವಾಗುವುದು. ರೋಗಿಯ ಕೈಗೆ ಮದ್ದು ಸೇರಿದೊಡನೆ ಔಷಧದಾನವು ಸಲ್ಲುವುದು. ಅಭಯದ ರೀತಿಯೇ ಬೇರೆ. “ಅಂಜಬೇಡ” ಎಂದು ನುಡಿದ ಮಾತ್ರಕ್ಕೆ ಅದನ್ನು ಕೊಟ್ಟಂತಾಗದು. ಪಡೆದವನ ಎದೆಯಿಂದ ಅಂಜಿಕೆಯು ತೊಲಗಿದಾಗಲೇ ಅದು ಸಂದಿತೆನ್ನಬೇಕು. ಪಡೆಯುವುದು ಮಾತು ತಿಳಿಯದ ಪ್ರಾಣಿಯಾದರಂತೂ ಈ ದಾನವು ದಿನಗಳ ಕೆಲಸವಲ್ಲ, ತಿಂಗಳುಗಳ ಕೆಲಸವು.

ಕೊಪ್ಪಳ ತಾಲ್ಲೂಕಿನ ಅಳವಂಡಿಯಂತಹ ಊರಿನಲ್ಲಿ ನಾಯಿಗೆ ಅನ್ನವಿಕ್ಕುವವರಿಗೆ ಕೊರತೆಯಿಲ್ಲ. ಬಾಗಿಲಿಗೆ ಬಂದ ನಾಯಿಗೆ ಒಂದು ತುಣುಕು ಜೋಳದ ರೊಟ್ಟಿಯನ್ನು ಹಾಕುವುದು ಗೃಹಸ್ಥರ ರೂಢಿ. ಓಣಿಯ ನಾಯಿ ಯಾರದೂ ಅಲ್ಲ, ಎಲ್ಲರದೂ ಹೌದು. ಆದರೆ ಇಂತಹ ಒಂದು ನಾಯಿಯನ್ನು ವಾಚಕರು ಭಾವಿಸಿಕೊಳ್ಳಲಿ: ವಾಹನಕ್ಕೆ ಸಿಕ್ಕು ಕಾಲು ಮುರಿದುಕೊಂಡು, ಹುಡುಗರ ಕಲ್ಲಿಗೂ ದೊಡ್ಡವರ ಬಡಿಗೆಗೂ ಈಡಾಗಿ, ಕೊನೆಗೆ ದಯಾಳುಗಳೊಬ್ಬರ ಪಡಸಾಲೆಯನ್ನು ಸೇರಿದೆ. ಗಾಯವು ಮಾಯ್ದಿದೆ, ಅಂಜಿಕೆ ಮಾಯ್ದಿಲ್ಲ. ಬಾಗಿಲು ಸಪ್ಪಳವಾದರೆ ಮೂಲೆಯನ್ನು ಸೇರುವುದು; ಕಸಬರಿಗೆಯನ್ನೆತ್ತಿದರೆ ನೆಲಕ್ಕೆ ಅಂಟಿಕೊಳ್ಳುವುದು; ಮನೆಯವರು ಹೊರಗೆ ಹೋದರೆ ಊಳಿಡುವುದು. ಕಾಪಾಡಿದವರಿಗೋ ಬಾಡಿಗೆಯ ಮನೆ, ವರ್ಗವಾಗುವ ನೌಕರಿ. ಇದನ್ನು ಮುಂದೆ ಯಾರು ಇಟ್ಟುಕೊಳ್ಳಬೇಕು? ಏಕೆ ಇಟ್ಟುಕೊಳ್ಳಬೇಕು?

ನಾಯಿಯ ಗುಣವನ್ನು ಕನ್ನಡ ನಾಡು ಅರಿಯದುದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ, ಕ್ರಿ. ಶ. 949-50ರ ಶಾಸನವು ಇದಕ್ಕೆ ಸಾಕ್ಷಿ. ಗಂಗರ ಬೂತುಗನು ಮಣಲರನ ಶೌರ್ಯಕ್ಕೆ ಮೆಚ್ಚಿದಾಗ ಆತನು ಬೇಡಿ ಪಡೆದುದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಂತಿತು. 2005ರಲ್ಲಿ ಮುಧೋಳದ ನಾಯಿಯ ಚಿತ್ರವುಳ್ಳ ಅಂಚೆಚೀಟಿಯೂ ಹೊರಬಿದ್ದಿತು. ಇವೆಲ್ಲವೂ ಶೂರ ನಾಯಿಗಳಿಗೆ ಸಂದ ಮರ್ಯಾದೆಗಳು. ಕಳ್ಳನನ್ನು ಕಂಡು ಬೊಗಳುವ ಬದಲು ಮಂಚದ ಕೆಳಗೆ ಅಡಗುವ ನಾಯಿಗೆ ಯಾವ ಹಕ್ಕುಂಟು? ಕಾವಲಿಗೆ ಬಾರದುದನ್ನು ಸಾಕುವುದರಿಂದ ಏನು ಫಲ?

ಇದಕ್ಕೆ ಉತ್ತರವು ಮಹಾಭಾರತದಲ್ಲಿಯೇ ಉಂಟು. ಧರ್ಮರಾಜನು ಸ್ವರ್ಗದ್ವಾರದಲ್ಲಿಯೂ ಕೈಬಿಡದ ನಾಯಿಯನ್ನು ಎಲ್ಲರೂ ಬಲ್ಲರು. ಆದಿಪರ್ವದ ಮೊದಲಿಗೇ ಬರುವ ಸರಮೆಯ ಮಗನನ್ನು ನೆನೆಯುವವರು ಕಡಿಮೆ. ಜನಮೇಜಯನು ಕುರುಕ್ಷೇತ್ರದಲ್ಲಿ ಯಜ್ಞ ಮಾಡುತ್ತಿದ್ದಾಗ ಅಲ್ಲಿಗೆ ಬಂದ ಆ ನಾಯಿಯನ್ನು ಅವನ ತಮ್ಮಂದಿರು ಬಡಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿ ಸರಮೆಯು ಬಂದು ತಪ್ಪೇನೆಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯವು ನಿಮ್ಮನ್ನು ಮುಟ್ಟಲಿ ಎಂದು ಆಕೆಯು ಶಪಿಸಿದಳು. ಈ ಶಾಪದ ಅರ್ಥವು ಇಂದಿಗೂ ಸ್ಪಷ್ಟವಾಗಿದೆ. ಮೂಲೆಗೆ ಸಿಕ್ಕ ನಾಯಿ ಅನೇಕ ವೇಳೆ ಕಚ್ಚುವುದು ಸಿಟ್ಟಿನಿಂದಲ್ಲ, ಅಂಜಿಕೆಯಿಂದ. ಮನುಷ್ಯನು ಕೊಟ್ಟ ಭಯವು ಮನುಷ್ಯನಿಗೇ ಮರಳುವುದು. ಆದುದರಿಂದ ಇಂತಹ ನಾಯಿಯ ಅಂಜಿಕೆಯನ್ನು ಅದರ ಅವಗುಣವೆಂದೆಣಿಸದೆ ಮನುಷ್ಯಕುಲವು ತೀರಿಸಬೇಕಾದ ಸಾಲವೆಂದು ಎಣಿಸುವುದು ನ್ಯಾಯವು.

ಆ ಸಾಲವು ತೀರುವುದು ಸ್ಥಿರವಾದ ಮನೆಯಲ್ಲಿ ಮಾತ್ರ. ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ಮನುಷ್ಯರ ಒಳ್ಳೆಯ ಕೈಯನ್ನು ಕಾಣದ ಮರಿಯು ಮುಂದೆ ಹೊಸದೆಲ್ಲಕ್ಕೂ ಬೆದರುವುದುಂಟು. ಏಟು ತಿಂದುದು ಮತ್ತಷ್ಟು ಬೆದರುವುದು. ಇದಕ್ಕೆ ಮದ್ದೆಂದರೆ ಅವವೇ ಮುಖಗಳು, ಅದೇ ಹೊತ್ತಿನ ಊಟ, ತನ್ನದೇ ಆದ ಒಂದು ಮೂಲೆ, ಒಂದು ಹಳೆಯ ಕಂಬಳಿ. ಅಡಗಿದ ನಾಯಿಯನ್ನು ಎಳೆದು ಹೊರಗೆ ತರಬಾರದು, ದಿಟ್ಟಿಸಿ ನೋಡಬಾರದು. ತಾನಾಗಿ ಬರುವವರೆಗೆ ಕಾಯಬೇಕು. ಮನೆಯು ಬದಲಾದಂತೆಲ್ಲ ಈ ಪಾಠವು ಬಹುಮಟ್ಟಿಗೆ ಮೊದಲಿನಿಂದ ಆರಂಭವಾಗಬೇಕಾಗುವುದು. ಹತ್ತು ಮನೆಗಳ ದಯೆಗಿಂತ ಒಂದು ಮನೆಯ ನಿಲುಗಡೆಯೇ ಇಲ್ಲಿ ಹೆಚ್ಚು.

ಹಾಗಾದರೆ ಕಾಪಾಡಿದವರು ಅದನ್ನು ಮತ್ತೊಬ್ಬರಿಗೆ ಒಪ್ಪಿಸುವುದು ದ್ರೋಹವೆ? ಅಲ್ಲ; ಆದರೆ ಅದಕ್ಕೊಂದು ಕಟ್ಟಳೆಯುಂಟು. ಸಂತೆಯಲ್ಲಿ ಎತ್ತಿನ ಸುಳಿಯನ್ನು ಮುಚ್ಚಿಟ್ಟು ಮಾರಿದವನ ಮೋಸವು ಕೊಂಡವನಿಗೆ ತಟ್ಟುವುದು. ನಾಯಿಯ ಅಂಜಿಕೆಯನ್ನು ಮುಚ್ಚಿಟ್ಟು ಕೊಟ್ಟವನ ಮೋಸವು ನಾಯಿಗೇ ತಟ್ಟುವುದು, ಏಕೆಂದರೆ ಮರಳಿ ಬರುವುದು ಅದೇ. ದೀಪಾವಳಿಯ ಪಟಾಕಿಗೆ ಓಡಿಹೋಗುವುದೆ, ಮಕ್ಕಳನ್ನು ಕಂಡರೆ ಗುರುಗುಟ್ಟುವುದೆ, ಒಂಟಿಯಾಗಿರಲಾರದೆ ಎಂಬುದೆಲ್ಲವನ್ನೂ ಮೊದಲೇ ಹೇಳಬೇಕು. ಕೂಸಿರುವ ಮನೆಯವರು ಒಲ್ಲೆವೆಂದರೆ ಅದು ನಿರ್ದಯೆಯಲ್ಲ, ವಿವೇಕವು. ನಿಜವನ್ನು ಕೇಳಿದ ಮೇಲೆಯೂ ಬೇಡಿ ಪಡೆಯುವವರು ಸಿಕ್ಕರೆ ಅವರೇ ತಕ್ಕವರು.

ಪಡೆದವರ ಹೊಣೆಯೂ ಸಣ್ಣದಲ್ಲ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯಂತೆ ಅಪರಾಧವು. 2025ರ ಆಗಸ್ಟ್ 22ರ ಆಜ್ಞೆಯಲ್ಲಿ ಸುಪ್ರೀಂ ಕೋರ್ಟು ಬೀದಿನಾಯಿಗಳನ್ನು ದತ್ತು ಪಡೆಯಲು ಅವಕಾಶವಿತ್ತು, ಅವು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಭಾರವನ್ನು ಪಡೆದವರ ಮೇಲೆಯೇ ಇರಿಸಿತು.

ಮನುಷ್ಯರೇ ಸೂರಿಲ್ಲದೆ ಇರುವಾಗ ನಾಯಿಗೆ ಮನೆಯನ್ನು ಹುಡುಕುವುದು ಸರಿಯೆ ಎಂದು ಕೇಳುವವರುಂಟು. ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಆದರೆ ಒಂದು ಕಂಬಳಿಯನ್ನೂ ಎರಡು ರೊಟ್ಟಿಯನ್ನೂ ನಾಯಿಗೆ ಕೊಡದೆ ಉಳಿಸಿದವನು ಅವನ್ನು ಬಡವನಿಗೆ ಕೊಟ್ಟುದು ಅಪರೂಪ. ಮೇಲಾಗಿ ಬೀದಿಯಲ್ಲಿ ನಾಯಿ ಕಚ್ಚುವುದು ಹೆಚ್ಚಾಗಿ ಬರಿಗಾಲಿನಲ್ಲಿ ಶಾಲೆಗೆ ನಡೆದುಹೋಗುವ ಬಡವರ ಮಕ್ಕಳನ್ನು. ಹುಚ್ಚುನಾಯಿ ರೋಗದ ಲಕ್ಷಣವು ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆಂಬಷ್ಟು ವಿರಳ. ಒಂದು ನಾಯಿಗೆ ಒಡೆಯನೂ ವರ್ಷವರ್ಷದ ಲಸಿಕೆಯೂ ದೊರೆತರೆ ಓಣಿಗೂ ಅಷ್ಟರಮಟ್ಟಿನ ಅಭಯವು ದೊರೆತಂತೆಯೇ.

ಈ ದಾನಕ್ಕೆ ಶಾಸನವೂ ಇಲ್ಲ, ಕಲ್ಲೂ ಇಲ್ಲ. ಮೂಲೆಯಲ್ಲಿ ಮುದುಡಿಕೊಂಡಿದ್ದ ನಾಯಿಯು ಒಂದು ಮಧ್ಯಾಹ್ನ ಪಡಸಾಲೆಯ ನಡುವೆ ಕಾಲು ಚಾಚಿ, ಬಾಗಿಲಿಗೆ ಬೆನ್ನು ಮಾಡಿ ನಿದ್ರಿಸಿದರೆ, ದಾನವು ಸಂದಿತೆಂದು ಮನೆಯವರು ತಿಳಿಯಬಹುದು.