ಕೈಯಲ್ಲಿ ಜೋಡಿ ರಾಜ, ಎದುರಿಗೆ ಇಪ್ಪತ್ತು ಸಾವಿರ

(ಲೂಕ 14:25-33)



ಹತ್ತು ಸಾವಿರ ಸೈನಿಕರಿದ್ದ ಅರಸನೊಬ್ಬನ ಮೇಲೆ ಇಪ್ಪತ್ತು ಸಾವಿರದವನು ದಂಡೆತ್ತಿ ಬರುತ್ತಾನೆ. ಅರಸನು ಮೊದಲು ಕುಳಿತು ಆಲೋಚಿಸುವುದಿಲ್ಲವೇ ಎಂದು ಯೇಸುಸ್ವಾಮಿ ಕೇಳುತ್ತಾರೆ. ಈ ಶುಭಸಂದೇಶವನ್ನು ಕೇಳಿದಾಗ ನಮ್ಮ ಯುವಕರಿಗೆ ನೆನಪಾದದ್ದು ನಮ್ಮ ತಾಳವಾಡಿಯ ಅಟ್ಟಣೆಗಳು.

ಆನೆ ಬಾರದಂತೆ ರಾತ್ರಿಯಿಡೀ ಹೊಲ ಕಾಯುತ್ತೇವೆ. ನಿದ್ದೆ ತಡೆಯಲು ಮೊಬೈಲಿನಲ್ಲಿ ಪೋಕರ್ ಶುರುವಾಯಿತು. ಮೊದಲು ಬರೀ ಪಾಯಿಂಟು, ಆಮೇಲೆ ದುಡ್ಡು. ಒಬ್ಬೊಬ್ಬರಿಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಪಣಕ್ಕೆ ಮಿತಿಯಿರುವ ಆಟವಾದ್ದರಿಂದ ಭಯವಿಲ್ಲ ಎಂದುಕೊಂಡೆವು. ಲೆಕ್ಕ ಹಾಕಿ ನೋಡಿ. ಮೊದಲೆರಡು ಸುತ್ತಿಗೆ 10 ರೂಪಾಯಿ, ಕೊನೆಯೆರಡಕ್ಕೆ 20. ಒಂದೊಂದು ಸುತ್ತಿನಲ್ಲಿ ನಾಲ್ಕು ಪಣದವರೆಗೆ ಏರಿಸಬಹುದು. ಹಾಗೆ ಏರಿದರೆ ಒಂದೇ ಆಟಕ್ಕೆ 240 ರೂಪಾಯಿ.

ನಮ್ಮಲ್ಲೊಬ್ಬನಿಗೆ ಒಂದು ರಾತ್ರಿ ಜೋಡಿ ರಾಜ ಬಂತು. ಒಳ್ಳೆಯ ಎಲೆಯೇ. ಆದರೆ ನಡುವೆ ಬೀಳುವ ಮೊದಲ ಮೂರು ಎಲೆಗಳಲ್ಲಿ ಎಕ್ಕ ಕಾಣಿಸಿಕೊಳ್ಳುವ ಸಂಭವ ನೂರಕ್ಕೆ ಸುಮಾರು 23. ಅಂದು ಎಕ್ಕ ಬಿತ್ತು. ಎದುರಾಳಿಗಳು ಮೇಲೆ ಮೇಲೆ ಏರಿಸಿದರು. "ಇಂಥ ಎಲೆ ಹಿಡಿದು ಸೋಲೋದು ಹೇಗೆ?" ಎಂದು ಇವನು ಬಿಡಲಿಲ್ಲ. ಹೋದ ದುಡ್ಡನ್ನು ಹಿಂದಕ್ಕೆ ಪಡೆಯಲು ಮತ್ತೆ ಕೂತ. ಬಿತ್ತನೆ ಅರಿಶಿನಕ್ಕೆಂದು ಅಮ್ಮ ಇಟ್ಟಿದ್ದ ಹಣ ಬೆಳಗಾಗುವಷ್ಟರಲ್ಲಿ ಮುಗಿದಿತ್ತು.

ಎಲ್ಲಕ್ಕಿಂತ ದೊಡ್ಡದಾದ ಜೋಡಿ ಎಕ್ಕವೂ ಒಬ್ಬನ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ. ಐವರು ಕೊನೆಯವರೆಗೂ ಉಳಿದರೆ ಸುಮಾರು 49 ಸಲ, ಒಂಬತ್ತು ಮಂದಿ ಉಳಿದರೆ ಬರೀ 31. ಪಣ ಚಿಕ್ಕದಾದಷ್ಟೂ ಯಾರೂ ಎದ್ದು ಹೋಗುವುದಿಲ್ಲ. ಒಬ್ಬೊಬ್ಬರ ಬಲ ಕಡಿಮೆ, ಎಲ್ಲರೂ ಸೇರಿದರೆ ಇಪ್ಪತ್ತು ಸಾವಿರ.

"ಬೇಸಾಯವೂ ಜೂಜೇ ಅಲ್ಲವೇ? ಕೋಸಿನ ಬೆಲೆ ಯಾರ ಕೈಯಲ್ಲಿದೆ?" ಎಂದು ನಮ್ಮವರು ಕೇಳುತ್ತಾರೆ. ನಿಜ, ಅನಿಶ್ಚಿತತೆ ಎರಡರಲ್ಲೂ ಇದೆ. ಆದರೆ ನಮ್ಮ ಕೋಸು ಬೆಳೆಯಲು ಪಕ್ಕದ ಹೊಲ ಹಾಳಾಗಬೇಕಿಲ್ಲ. ಜೂಜಿನಲ್ಲಿ ಗೆದ್ದ ಹಣ ಇನ್ನೊಬ್ಬರ ಮನೆಯಿಂದಲೇ ಬರಬೇಕು. ಆಟವನ್ನೇ ಪಾಪವೆಂದು ಧರ್ಮಸಭೆ ಹೇಳುವುದಿಲ್ಲ. ಮನೆಯವರಿಗೆ ಅಗತ್ಯವಾದದ್ದನ್ನು ಅದು ಕಸಿದುಕೊಂಡರೆ ತಪ್ಪು, ಅದರ ಚಟ ನಮ್ಮನ್ನು ದಾಸರನ್ನಾಗಿ ಮಾಡೀತು ಎಂದು ಕಥೋಲಿಕ ಧರ್ಮೋಪದೇಶ (2413) ಎಚ್ಚರಿಸುತ್ತದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಆಸೆಯನ್ನು ಕಾನೂನು ನಿಷೇಧಿಸಲಾರದು. ಅದೇ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಕಾರ್ಲೊ ಅಕ್ಯುತಿಸ್ ಕಂಪ್ಯೂಟರ್ ಬಲ್ಲ ಹುಡುಗ. ವೀಡಿಯೊ ಆಟಕ್ಕೆ ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದ.

ಸಾಮತಿಯ ಅರಸನು ಏನು ಮಾಡಿದ? ಶತ್ರು ಇನ್ನೂ ದೂರದಲ್ಲಿರುವಾಗಲೇ ದೂತರನ್ನು ಕಳುಹಿಸಿ ಸಂಧಾನ ಕೇಳಿದ. ನಮ್ಮ ಗೆಳೆಯ ಮೂರು ವಾರ ಬಾಯಿ ಬಿಡಲಿಲ್ಲ, ಸಾಲವೂ ಬೆಳೆಯಿತು. ಕೊನೆಗೆ ನಾವಿಬ್ಬರು ಜೊತೆಗೆ ಹೋಗಿ ಅವನ ಅಮ್ಮನಿಗೆ ತಿಳಿಸಿದೆವು. ಅಮ್ಮ ಅತ್ತರು, ಬೈದರು, ಆಮೇಲೆ ಊಟಕ್ಕೆ ಕೂರಿಸಿದರು. ಆ ವರ್ಷ ಅರ್ಧ ಹೊಲಕ್ಕೆ ಮಾತ್ರ ಅರಿಶಿನ ನಾಟಿಯಾಯಿತು.

ನಮ್ಮ ಕೈಯಲ್ಲೂ ಒಳ್ಳೆಯ ಎಲೆಗಳಿವೆ: ಓದು, ವಯಸ್ಸು, ತೋಳ್ಬಲ. ಅವುಗಳನ್ನೇ ನಂಬಿ ತಪ್ಪು ದಾರಿಯಲ್ಲಿ ಮುಂದೆ ಹೋಗದಿರೋಣ. ನಿಮ್ಮಲ್ಲಿ ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಈ ವಾರವೇ ಮನೆಯವರಿಗೆ ಹೇಳಿ, ಪಾಪನಿವೇದನೆಗೆ ಬನ್ನಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಬಲಿಪೂಜೆಯ ನಂತರ ನಮ್ಮನ್ನು ಕರೆಯಿರಿ, ಜೊತೆಗೆ ಬರುತ್ತೇವೆ.

ಪ್ರಭುವೇ, ಬಿಡಬೇಕಾದ್ದನ್ನು ಬಿಡುವ ಧೈರ್ಯವನ್ನು ನಮಗೆ ದಯಪಾಲಿಸಿ. ಆಮೆನ್.