ಸಭೆಯ ಭಾರವನ್ನು ಬಡವನೂ ಹೊರಬೇಕೋ?

ಆದಿತ್ಯವಾರದ ಆರಾಧನೆಯಲ್ಲಿ ಕಾಣಿಕೆಯ ಚೀಲವು ಮುಂದೆ ಬಂದಾಗ ಹಳ್ಳಿಯ ಸಭೆಗಳಲ್ಲಿ ಎರಡು ವಿಧವಾದ ಮಾತು ಕೇಳಬರುವದುಂಟು. ಕೂಲಿಯವನು, “ನಾವು ದಿನ ದುಡಿದು ದಿನ ಉಣ್ಣುವವರು, ಸಭೆಯು ನಮಗೆ ಕೊಡಬೇಕಲ್ಲದೆ ನಾವು ಸಭೆಗೆ ಕೊಡುವದೇನು?” ಅನ್ನುತ್ತಾನೆ. ಅನುಕೂಲಸ್ಥನು, “ಬಡವರನ್ನು ಕೇಳುವದೇ ಪಾಪ, ಉಳ್ಳವರು ನಾಲ್ಕು ಮಂದಿ ಖರ್ಚನ್ನು ನೋಡಿಕೊಂಡರೆ ಸಾಕು” ಅನ್ನುತ್ತಾನೆ. ಮೊದಲನೆಯ ಮಾತಿನಲ್ಲಿ ಹಸಿವೆ ಇದೆ, ಎರಡನೆಯದರಲ್ಲಿ ದಯೆ ಇದೆ. ಆದರೂ ಇವೆರಡೂ ಕೂಡಿ ಸಭೆಯನ್ನು ಸೀಳಿಬಿಡುತ್ತವೆ: ಕೊಡುವವರ ಸಭೆಯೊಂದು, ತಕ್ಕೊಳ್ಳುವವರ ಸಭೆಯೊಂದು. ಇದು ಸರಿಯೋ ಎಂಬದನ್ನು ವಿಚಾರಿಸೋಣ.

ಸಭೆಯು ಯಾತಕ್ಕೋಸ್ಕರ ಇದೆ ಎಂಬದನ್ನು ಮೊದಲು ತಿಳುಕೊಳ್ಳಬೇಕಷ್ಟೆ. ದೇವರನ್ನು ಕೂಡಿ ಆರಾಧಿಸುವದಕ್ಕೂ ಸುವಾರ್ತೆಯನ್ನು ಸಾರುವದಕ್ಕೂ ಒಬ್ಬರ ಭಾರವನ್ನು ಒಬ್ಬರು ಹೊರುವದಕ್ಕೂ ಅದು ಕರೆಯಲ್ಪಟ್ಟಿದೆ. ಮೊದಲಿನ ಎರಡನ್ನು ನಾವು ಬಾಯಿಪಾಠವಾಗಿ ಹೇಳಬಲ್ಲೆವು. ಮೂರನೆಯದರ ಹತ್ತಿರ ಬಂದಾಗಲೇ ನಾಲಿಗೆ ತಡವರಿಸುತ್ತದೆ. ಅಪೊಸ್ತಲರ ಕಾಲದ ವಿಶ್ವಾಸಿಗಳು ಮನೆಗಳಲ್ಲಿ ಕೂಡಿಬರುತ್ತಿದ್ದರು. ದೇವಾಲಯದ ಹಂಚು, ಗಂಟೆ, ಸುಣ್ಣ ಇವುಗಳ ಚಿಂತೆಯು ಅವರಿಗಿರಲಿಲ್ಲ. ಕ್ರಿ. ಶ. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲ್ಯನು ಬರೆದ ಒಂದು ಪತ್ರವನ್ನು ಯುಸೇಬಿಯನು ತನ್ನ ಸಭಾಚರಿತ್ರೆಯಲ್ಲಿ ಉಳಿಸಿದ್ದಾನೆ. ಆ ಸಭೆಯು 1500ಕ್ಕಿಂತ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಪೋಷಿಸುತ್ತಿತ್ತೆಂದು ಅದರಿಂದ ತಿಳಿದುಬರುತ್ತದೆ. ಚಕ್ರವರ್ತಿಯಾದ ದೆಕಿಯನ ಹಿಂಸೆಯು ಮುಗಿದು ಇನ್ನೂ ಬಹುಕಾಲವಾಗಿರಲಿಲ್ಲ. ಸರಕಾರದ ಸಹಾಯದ ಮಾತೇ ಇರಲಿಲ್ಲ.

ಹಾಗಾದರೆ ತಕ್ಕೊಳ್ಳುವ ಅಭ್ಯಾಸವು ನಮ್ಮ ಪ್ರಾಂತದ ಸಭೆಗಳಲ್ಲಿ ಎಲ್ಲಿಂದ ಬಂತು? 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ತರುವಾಯ ದೀಕ್ಷಾಸ್ನಾನವನ್ನು ಹೊಂದಿದ ಅನೇಕರು ಮನೆಯನ್ನೂ ಜಾತಿಯ ಕಸುಬನ್ನೂ ಕಳಕೊಂಡರು. ಅಂಥವರಿಗೆ ಹೊಟ್ಟೆಯ ದಾರಿಯನ್ನು ತೋರಿಸದೆ ಬರೀ ಉಪದೇಶವನ್ನು ಮಾಡಿದರೆ ಅದೇನು ಪ್ರೀತಿ? ಆದದರಿಂದ ನೇಯ್ಗೆಯ ಮಗ್ಗಗಳೂ 1865ರಿಂದ ಹಂಚಿನ ಕಾರ್ಖಾನೆಯೂ ಉಂಟಾದವು. ಇದನ್ನು ನಾವು ಹಳಿಯುವದಿಲ್ಲ. ಆದರೆ ಕೆಲಸ ಕೊಡುವ ಯಜಮಾನನೂ ಸಭೆಯ ಪಾಲಕನೂ ಒಂದೇ ಬಾಗಿಲಿಂದ ಬಂದದ್ದರಿಂದ, ಕಾಲಕ್ರಮದಲ್ಲಿ “ಮಿಶನ್ ನೋಡಿಕೊಳ್ಳುತ್ತದೆ” ಎಂಬ ಮಾತು ಪ್ರಾರ್ಥನೆಯ ಆಮೆನಿನಷ್ಟೇ ರೂಢಿಯಾಯಿತು. 1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಜರ್ಮನಿಯ ಬೋಧಕರು ಕಾವಲಿನಲ್ಲಿ ಇಡಲ್ಪಟ್ಟು ಬಳಿಕ ದೇಶದಿಂದ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಬೇರೆಯವರ ಆಡಳಿತಕ್ಕೆ ಹೋದವು. ನೋಡಿಕೊಳ್ಳುವವರು ಹೋದರು, ಸಭೆಯು ಉಳಿಯಿತು. ನಮ್ಮ ಊರಿನ ಉಪದೇಶಕರೂ ಹಿರಿಯರೂ ತಾಯಂದಿರೂ ಅದನ್ನು ಹೊತ್ತು ನಡೆಸಿದರು. ಮಿಶನಿನ ಮನೆಯಲ್ಲಿ ಸಭೆಯು ಬಾಡಿಗೆಗಿತ್ತೆಂದು ತಿಳಿದವರಿಗೆ ಅದರ ಸ್ವಂತ ಕಾಲುಗಳು ಆಗ ಕಂಡವು.

ಆದರೂ ಕಷ್ಟವಾದ ಪ್ರಶ್ನೆಯು ಉಳಿದೇ ಇದೆ. ಗಂಜಿಗೆ ಉಪ್ಪಿಲ್ಲದವನನ್ನು ಕೊಡೆಂದು ಕೇಳುವದು ನ್ಯಾಯವೋ? ಪೌಲನು ಯೆರೂಸಲೇಮಿನ ಬಡ ವಿಶ್ವಾಸಿಗಳಿಗೋಸ್ಕರ ಹಣ ಕೂಡಿಸಿದಾಗ ನಡೆದದ್ದನ್ನು ನೋಡಿರಿ. ಕೊರಿಂಥವು ವ್ಯಾಪಾರದ ಪಟ್ಟಣ. ಅಲ್ಲಿನವರು ಒಂದು ವರುಷದ ಹಿಂದೆಯೇ ಮನಸ್ಸು ಮಾಡಿ ತಡಮಾಡುತ್ತಿದ್ದರು. ಮಕೆದೋನ್ಯದವರೋ ಕಡುಬಡವರು, ಮೇಲಾಗಿ ಹಿಂಸೆಗೆ ಒಳಗಾದವರು. ಅವರನ್ನು ಯಾರೂ ಒತ್ತಾಯಪಡಿಸಲಿಲ್ಲ. ತಮಗೂ ಈ ಕೆಲಸದಲ್ಲಿ ಪಾಲು ಬೇಕೆಂದು ಅವರೇ ಪೌಲನನ್ನು ಬೇಡಿಕೊಂಡರು. ನೀವು ಬಡವರು, ನಿಮಗೆ ಪಾಲು ಬೇಡ ಎಂದು ಅವನು ಹೇಳಿದ್ದರೆ ಅವರ ಹಣವು ಉಳಿಯುತ್ತಿತ್ತು, ಮಾನವು ಹೋಗುತ್ತಿತ್ತು. ಅನುಕೂಲಸ್ಥರ ದಯೆಯು ನೋಡದೆ ದಾಟಿಹೋಗುವ ಸ್ಥಳವು ಇದೇ. ಬಡವನನ್ನು ಭಾರದಿಂದ ಬಿಡಿಸುತ್ತೇವೆಂದು ಅವರು ಅವನನ್ನು ಮನೆಯವರ ಪಟ್ಟಿಯಿಂದಲೇ ತೆಗೆದು ಅತಿಥಿಗಳ ಪಟ್ಟಿಗೆ ಹಾಕುತ್ತಾರೆ. ಆದರೆ ಪೌಲನು ಅಳತೆಯನ್ನೂ ಹೇಳಿದ್ದಾನೆ: ಒಬ್ಬನಿಗೆ ಇರುವದರ ಪ್ರಕಾರವೇ, ಇಲ್ಲದ್ದರ ಪ್ರಕಾರವಲ್ಲ. ಸಾಲಮಾಡಿ ಕಾಣಿಕೆ ಹಾಕೆಂದು ಅವನು ಯಾರಿಗೂ ಬರೆಯಲಿಲ್ಲ.

ಅದೇ ಕೊರಿಂಥದಲ್ಲಿ ಕರ್ತನ ಭೋಜನಕ್ಕೆ ಕೂಡಿದಾಗ ಒಬ್ಬನು ಹಸಿದಿರುತ್ತಿದ್ದನು, ಮತ್ತೊಬ್ಬನು ಕುಡಿದು ಮತ್ತನಾಗುತ್ತಿದ್ದನು. ಬಿಡುವುಳ್ಳವರು ಮೊದಲೇ ಬಂದು ಉಣ್ಣುತ್ತಿದ್ದರು, ದಾಸರೂ ಕೂಲಿಯವರೂ ಕೆಲಸ ಮುಗಿಸಿ ಬರುವಷ್ಟರಲ್ಲಿ ಪಾತ್ರೆಯು ಬರಿದಾಗಿರುತ್ತಿತ್ತೆಂದು ವ್ಯಾಖ್ಯಾನಕಾರರು ತಿಳಿಯುತ್ತಾರೆ. ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಬೇಕೆಂದೂ ಇಲ್ಲದವರನ್ನು ನಾಚಿಕೆಪಡಿಸಬಾರದೆಂದೂ ಪೌಲನು ಗದರಿಸಿದನು. ನಮ್ಮಲ್ಲಿ ಬೆಳೆಹಬ್ಬದ ದಿನ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಇಬ್ಬರು ಧನಿಗಳು ಪೈಪೋಟಿಯಿಂದ ಕೂಗುವದನ್ನು ವಾಚಕರು ಕಂಡಿರಬಹುದು. ಆ ಉಲ್ಲಾಸಕ್ಕೆ ನಾವು ಅಡ್ಡಿಯಾಗುವದಿಲ್ಲ. ಕುಂಬಳಕಾಯಿಗಂತೂ ಅದಕ್ಕಿಂತ ದೊಡ್ಡ ಗೌರವವು ಸಿಕ್ಕಲಾರದು! ಆದರೆ ಅದರ ಮರುವಾರವೇ ಕಾಣಿಕೆಯ ಪಟ್ಟಿಯನ್ನು ಹೆಸರುಹೆಸರಾಗಿ ಗಟ್ಟಿಯಾಗಿ ಓದಿ, ಬಾಕಿಯಾದವರನ್ನು ಎಲ್ಲರ ಮುಂದೆ ತಿಳಿಸುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದು ತಪ್ಪೆಂದು ಹೇಳುವದಕ್ಕೆ ಸಂಕೋಚವಿಲ್ಲ. ನಾಚಿಕೆಯಿಂದ ಹೊರಟ ಕಾಸು ಕಾಣಿಕೆಯಲ್ಲ, ದಂಡ.

ಈಶಾನ್ಯದ ಮಿಜೋ ಗುಡ್ಡಗಳ ಸಭೆಯವರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಅವರೂ ವೇಲ್ಸ್ ದೇಶದ ಬೋಧಕರಿಂದ ಸುವಾರ್ತೆಯನ್ನು ಕೇಳಿದವರು, ಗುಡ್ಡದ ಬೇಸಾಯದವರು, ಕೈಯಲ್ಲಿ ರೊಕ್ಕ ಕಡಿಮೆ. 1910ರಲ್ಲಿ ಅಲ್ಲಿನ ಸ್ತ್ರೀಯರು ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ದೇವರಿಗೆಂದು ಬೇರೆ ಪಾತ್ರೆಯಲ್ಲಿ ಹಾಕುವ ಕ್ರಮವನ್ನು ಆರಂಭಿಸಿದರು. ಅದನ್ನು ಕೂಡಿಸಿ ಮಾರಿ ಬಂದ ಹಣವು ಸುವಾರ್ತೆಯ ಕೆಲಸಕ್ಕೆ ಹೋಗುತ್ತದೆ. ಇಂದಿಗೂ ಆ ಕ್ರಮವು ನಿಂತಿಲ್ಲ. ಆ ಸಭೆಯು ಈಗ ತಾನೇ ಇತರ ಪ್ರಾಂತಗಳಿಗೆ ಸುವಾರ್ತಿಕರನ್ನು ಕಳುಹಿಸುತ್ತದೆ. ಹಿಡಿಯು ಧನಿಯ ಹೆಂಡತಿಯದಾದರೂ ಕೂಲಿಯವಳದಾದರೂ ಹೆಚ್ಚುಕಡಿಮೆ ಒಂದೇ ಗಾತ್ರ. ಅಡಿಗೆಮನೆಯಲ್ಲಿ ಅದನ್ನು ನೋಡುವವರು ಇಲ್ಲ, ಓದುವ ಪಟ್ಟಿಯೂ ಇಲ್ಲ. ಒಲೆ ಹೊತ್ತದ ದಿನ ಹಿಡಿಯೂ ಇಲ್ಲ, ಬಾಕಿಯೂ ಇಲ್ಲ.

ಒಲೆಯೇ ಹೊತ್ತದ ಮನೆಯವಳು ಆ ದಿನ ಸಭೆಯಿಂದ ತಕ್ಕೊಳ್ಳಲಿ, ತಲೆಯನ್ನು ತಗ್ಗಿಸದೆ ತಕ್ಕೊಳ್ಳಲಿ. ಆದರೆ ಹಂಚುವವರು ಯಾರು? ಯೆರೂಸಲೇಮಿನಲ್ಲಿ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರು ಅಲಕ್ಷ್ಯಮಾಡಲ್ಪಟ್ಟರು, ಗುಣುಗುಟ್ಟುವಿಕೆ ಹುಟ್ಟಿತು. ಅಪೊಸ್ತಲರು ಗುಣುಗುಟ್ಟಿದವರ ಬಾಯನ್ನು ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲುಗೊಂಡು ನಿಕೊಲಾಯನ ವರೆಗೆ ಆರಿಸಲ್ಪಟ್ಟವರ ಹೆಸರುಗಳನ್ನು ಓದಿ ನೋಡಿರಿ, ಏಳೂ ಗ್ರೀಕ್ ಹೆಸರುಗಳೇ. ಯಾರ ವಿಧವೆಯರಿಗೆ ಕಡಿಮೆಯಾಯಿತೋ ಅವರ ಕಡೆಯವರ ಕೈಗೇ ಸಭೆಯು ಸೌಟನ್ನು ಕೊಟ್ಟಿತೆಂದು ಇದರಿಂದ ತಿಳಿಯಬಹುದು. ನಮ್ಮ ಸಭಾ ಪಂಚಾಯತಿಗಳಲ್ಲಿ ಪೆಟ್ಟಿಗೆಯ ಬೀಗದ ಕೈ ಬಹಳ ವರುಷಗಳಿಂದ ಯಾವ ಮನೆಯಲ್ಲಿದೆ? ಮುಂದಿನ ಆಯ್ಕೆಯಲ್ಲಿ ಕೂಲಿಯವರೊಳಗಿಂದ ಒಬ್ಬನನ್ನೂ ವಿಧವೆಯರೊಳಗಿಂದ ಒಬ್ಬಳನ್ನೂ ಲೆಕ್ಕದ ಪುಸ್ತಕದ ಮುಂದೆ ಕೂಡ್ರಿಸುವದಕ್ಕೆ ನಮ್ಮ ಹಿರಿಯರು ಒಪ್ಪುವರೋ?