ಗಳಿಸಿಕೊಟ್ಟ ಸ್ಥಾನ ಯಾರದು?

ಉತ್ತವನಿಗೇ ಫಸಲು ಎನ್ನುತ್ತೇವೆ. ಹೊಲ ಎಲ್ಲರದಾದರೆ?

ಕುದುರೆಯನ್ನು ಲಯಬದ್ಧವಾಗಿ ನಡೆಸುವ ಸ್ಪರ್ಧೆ ಡ್ರೆಸಾಜ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಇದರಲ್ಲಿ ಮೊದಲ ಬಾರಿ ಸ್ಥಾನ ಗಳಿಸಿಕೊಟ್ಟವರು ಅನುಷ್ ಅಗರ್ವಾಲಾ. ಆದರೆ ನಿಯಮದಂತೆ ಆ ಸ್ಥಾನ ದೇಶದ್ದು, ಸವಾರನದ್ದಲ್ಲ. ಶ್ರುತಿ ವೋರಾ ಅವರೂ ಅರ್ಹತೆ ಪಡೆದಿದ್ದರು. ಫೆಡರೇಶನ್ ಇಬ್ಬರ ಸರಾಸರಿಯನ್ನು ನೋಡಿತು: ಅನುಷ್ ಶೇ. 67.695, ಶ್ರುತಿ ಶೇ. 67.163. ಅನುಷ್ ಪ್ಯಾರಿಸಿಗೆ ಹೋದರು.

ಅಂತರ ಅರ್ಧದಷ್ಟೇ! ಇದು ಅನ್ಯಾಯವೇ? ಅಲ್ಲ. ಕೂದಲೆಳೆಯಲ್ಲಿ ಸೋಲುವುದು ನೋವು; ಅಳತೆಗೋಲನ್ನೇ ಮುಚ್ಚಿಡುವುದು ಅನ್ಯಾಯ. ಗಳಿಸಿಕೊಟ್ಟವರೂ ಮತ್ತೊಮ್ಮೆ ಅಳತೆಗೆ ನಿಲ್ಲಬೇಕು. ಉಳಿದವರಿಗೆ ಕಾರಣ ತಿಳಿಯಬೇಕು.

ಮಕ್ಕಳಲ್ಲಿ ಒಬ್ಬರನ್ನು ಆರಿಸುವಾಗ, ಉಳಿದವರಿಗೆ ನೀವು ಕಾರಣ ಹೇಳುತ್ತೀರಾ?